ಆಳಿನ ವೇಷ ತೊಟ್ಟ ದೊರೆ, ದೊರೆಯ ವೇಷ ತೊಟ್ಟ ಆಳು

ವೆಸ್ಟ್ ಇಂಡೀಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ರಿಕೆಟ್. ಟ್ರಿನಿಡಾಡ್ ಎಂದರೆ ಬ್ರಯಾನ್ ಲಾರಾನ ಊರು ಎನ್ನುವಷ್ಟು ಗೊತ್ತು. ಆ ದ್ವೀಪದ ಕಾರ್ನಿವಲ್ ಚಿತ್ರಗಳನ್ನು ಟಿವಿಯಲ್ಲೋ ಪತ್ರಿಕೆಯಲ್ಲೋ ಕಂಡವರ ಕಣ್ಣಿಗೆ ಬೀಳುವುದು ಗರಿ, ಮಣಿ, ಮಿನುಗುವ ತುಂಡುಬಟ್ಟೆಗಳ ಮೆರವಣಿಗೆ. ಇದೊಂದು ಮೋಜಿನ ಹಬ್ಬ, ಪ್ರವಾಸೋದ್ಯಮದ ಜಾಹೀರಾತು ಎಂದು ಪುಟ ಮಗುಚುವವರೇ ಹೆಚ್ಚು. ಆದರೆ ಆ ಮೆರವಣಿಗೆಯ ಅಂಚಿನಲ್ಲಿ ಇಂದಿಗೂ ಕೆಲವು ಹಳೆಯ ವೇಷಗಳು ಓಡಾಡುತ್ತವೆ. ಮೈಗೆಲ್ಲ ಕಪ್ಪು ಬಳಿದುಕೊಂಡು ಸರಪಳಿ ಎಳೆಯುವ ಸೈತಾನ, ಮರಗಾಲಿನ ಮೇಲೆ ನಿಂತ ಭೂತ, ಚಿಂದಿ ಉಟ್ಟ ಪಂಡಿತ, ಮಗುವಿನ ಗೊಂಬೆ ಹಿಡಿದು ತಂದೆಯನ್ನು ಹುಡುಕುವ ಹೆಣ್ಣು. ಇವು ಚೆಲುವಿಗಾಗಿ ಹುಟ್ಟಿದ ವೇಷಗಳಲ್ಲ. ಬರೆಯಲು ಬಾರದ, ಬರೆದರೂ ಓದುವವರಿಲ್ಲದ ಜನ ತಮ್ಮ ಚರಿತ್ರೆಯನ್ನು ಮೈಮೇಲೆ ಬರೆದುಕೊಂಡ ಬಗೆ ಇದು. ಆ ಚರಿತ್ರೆಯಲ್ಲಿ ಭಾರತದಿಂದ ಹೋದ ಕೂಲಿಗಳ, ಅವರ ಮೊಹರಮ್ಮಿನ ಒಂದು ರಕ್ತಸಿಕ್ತ ಅಧ್ಯಾಯವೂ ಸೇರಿದೆ. ಅದಕ್ಕಾಗಿ ನಾವು ಈ ವೇಷಗಳನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕಾಗಿದೆ.

ದೊರೆಗಳ ಆಟ

ಟ್ರಿನಿಡಾಡ್ ವೆನೆಜುವೆಲಾದ ಕರಾವಳಿಗೆ ಅಂಟಿಕೊಂಡಂತಿರುವ ಚಿಕ್ಕ ದ್ವೀಪ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಅದು ಸ್ಪೇನಿನ ಅಧೀನದಲ್ಲಿದ್ದರೂ ಅಲ್ಲಿ ಜನವಸತಿ ತೀರಾ ವಿರಳವಾಗಿತ್ತು. 1783ರಲ್ಲಿ ಸ್ಪೇನಿನ ದೊರೆ ಒಂದು ಫರ್ಮಾನು ಹೊರಡಿಸಿದ. ಕ್ಯಾಥೊಲಿಕ್ ಧರ್ಮದವರು ಯಾರೇ ಬಂದು ನೆಲೆಸಲಿ, ಅವರಿಗೆ ಪುಕ್ಕಟೆ ಜಮೀನು. ಜೊತೆಗೆ ಕರೆತರುವ ಪ್ರತಿಯೊಬ್ಬ ಗುಲಾಮನ ಲೆಕ್ಕದಲ್ಲಿ ಇನ್ನಷ್ಟು ಜಮೀನು. ಹೆಚ್ಚು ಗುಲಾಮರನ್ನು ತಂದವನಿಗೆ ಹೆಚ್ಚು ಭೂಮಿ. ಗ್ರೆನೇಡಾ, ಮಾರ್ಟಿನಿಕ್ ಮುಂತಾದ ದ್ವೀಪಗಳ ಫ್ರೆಂಚ್ ತೋಟಗಾರರು ಗುಲಾಮರನ್ನು ಹಡಗಿಗೆ ತುಂಬಿಕೊಂಡು ಬಂದಿಳಿದರು. 1797ರಲ್ಲಿ ಬ್ರಿಟಿಷರು ದ್ವೀಪವನ್ನು ವಶಪಡಿಸಿಕೊಂಡಾಗ ಅಲ್ಲಿದ್ದ ಹದಿನೇಳು ಸಾವಿರ ಚಿಲ್ಲರೆ ಜನರಲ್ಲಿ ಹತ್ತು ಸಾವಿರ ಮಂದಿ ಗುಲಾಮರಾಗಿದ್ದರು. ರಾಜ್ಯ ಬ್ರಿಟಿಷರದ್ದು, ಕಾನೂನು ಸ್ಪೇನಿನದ್ದು, ತೋಟ ಫ್ರೆಂಚರದ್ದು, ದುಡಿಮೆ ಆಫ್ರಿಕನರದ್ದು!

ಕ್ರೈಸ್ತರ ತಪಸ್ಸು ಕಾಲದ ನಲವತ್ತು ದಿನ ಆರಂಭವಾಗುವುದು ಬೂದಿ ಬುಧವಾರದಂದು. ಅದಕ್ಕೆ ಮೊದಲು ಉಂಡು ಕುಣಿದು ನಲಿಯುವ ಪದ್ಧತಿಯನ್ನು ಈ ಫ್ರೆಂಚ್ ತೋಟಗಾರರು ದ್ವೀಪಕ್ಕೆ ತಂದರು. ಮನೆಯಿಂದ ಮನೆಗೆ ಮುಖವಾಡ ತೊಟ್ಟು ಹೋಗುವುದು, ಔತಣ, ನೃತ್ಯ. ಗುಲಾಮರಿಗೆ ಇದರಲ್ಲಿ ಪಾಲಿರಲಿಲ್ಲ. ಆದರೆ ಗುಲಾಮರ ವೇಷಕ್ಕೆ ಪಾಲಿತ್ತು. ತೋಟದ ಯಜಮಾನರಿಗೆ ಬಹಳ ಪ್ರಿಯವಾಗಿದ್ದ ವೇಷವೆಂದರೆ 'ನೆಗ್ ಜಾರ್ದೆಂ', ಅಂದರೆ ಹೊಲದ ಗುಲಾಮ. ಮುಖಕ್ಕೆ ಕಪ್ಪು ಬಳಿದುಕೊಂಡು, ಆಳಿನ ಬಟ್ಟೆ ಉಟ್ಟು, ಪಂಜು ಹಿಡಿದು ಅವರು ಕುಣಿಯುತ್ತಿದ್ದರು.

ಈ ಪಂಜಿಗೂ ಒಂದು ಕಥೆಯಿದೆ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಸುತ್ತಲಿನ ತೋಟಗಳ ಗುಲಾಮರನ್ನೆಲ್ಲ ಕೊಂಬು, ಶಂಖ ಊದಿ ಸೇರಿಸಲಾಗುತ್ತಿತ್ತು. ರಾತ್ರಿಯಾದರೆ ಕೈಯಲ್ಲಿ ಪಂಜು, ಬೆನ್ನ ಹಿಂದೆ ಮೇಸ್ತ್ರಿಯ ಚಾಟಿ. ಸುಟ್ಟ ಕಬ್ಬು ಕೆಡುವ ಮೊದಲು ಕಡಿದು ಗಾಣಕ್ಕೆ ಸಾಗಿಸಬೇಕು. ಸುಟ್ಟ ಕಬ್ಬಿಗೆ ಫ್ರೆಂಚಿನಲ್ಲಿ 'ಕಾನ್ ಬ್ರೂಲೇ' ಎನ್ನುತ್ತಾರೆ. ಜನರ ಬಾಯಲ್ಲಿ ಅದು 'ಕ್ಯಾಂಬುಲೇ' ಆಯಿತು. ಗುಲಾಮರ ಪಾಲಿಗೆ ನರಕದ ಇರುಳಾಗಿದ್ದ ಇದು ಯಜಮಾನರ ಪಾಲಿಗೆ ಹಬ್ಬದ ಅಣಕವಾಗಿತ್ತು.

ಅದಲು ಬದಲಾದ ವೇಷ

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದುಗೊಳಿಸುವ ಕಾನೂನು ಮಾಡಿತು. 1834ರ ಆಗಸ್ಟ್ 1ರಂದು ಅದು ಜಾರಿಗೆ ಬಂದರೂ 'ಕೆಲಸ ಕಲಿಯುವವರು' ಎಂಬ ನೆಪದಲ್ಲಿ ಅದೇ ಯಜಮಾನರಿಗೆ ಬಿಟ್ಟಿ ದುಡಿಯಬೇಕಾಯಿತು. ನಿಜವಾದ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ರಂದು. ಸಾಮ್ರಾಜ್ಯದ ಗುಲಾಮ ಮಾಲೀಕರಿಗೆ ಸರಕಾರ ಎರಡು ಕೋಟಿ ಪೌಂಡ್ ಪರಿಹಾರ ಹಂಚಿತು. ಗುಲಾಮರಿಗೆ ಕವಡೆ ಕಾಸೂ ಸಿಗಲಿಲ್ಲ. ಆ ಪರಿಹಾರಕ್ಕಾಗಿ ಎತ್ತಿದ ಸಾಲವನ್ನು ಬ್ರಿಟಿಷ್ ಸರಕಾರ ಪೂರ್ತಿ ತೀರಿಸಿದ್ದು 2015ರಲ್ಲಿ ಎಂಬುದನ್ನು ಕೇಳಿದರೆ ಅಚ್ಚರಿಯಾಗುತ್ತದೆ.

ಬಿಡುಗಡೆಯಾದ ಜನ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮ ಕ್ಯಾಂಬುಲೇಯನ್ನು ಮರಳಿ ಪಡೆದದ್ದು. ಮೊದಲಿಗೆ ಬಿಡುಗಡೆಯ ದಿನವಾದ ಆಗಸ್ಟ್ 1ರಂದು, ಮುಂದೆ ಕಾರ್ನಿವಲ್ ಭಾನುವಾರದ ನಡುರಾತ್ರಿ ಅವರು ಪಂಜು ಹಿಡಿದು, ಡೋಲು ಬಾರಿಸುತ್ತಾ, ಕೋಲು ಕಾಳಗವಾಡುತ್ತಾ ಬೀದಿಗಿಳಿದರು. ಯಜಮಾನ ಅಣಕಿಸಿದ್ದ ನರಕವನ್ನು ಅನುಭವಿಸಿದವರೇ ಆಡತೊಡಗಿದಾಗ ಅದರ ಅರ್ಥವೇ ಬೇರೆಯಾಯಿತು. ಬಿಳಿಯರು ನಿಧಾನವಾಗಿ ಬೀದಿಯಿಂದ ಹಿಂದೆ ಸರಿದು ತಮ್ಮ ಬಂಗಲೆಗಳ ಒಳಗೆ ಸೇರಿಕೊಂಡರು.

ಈಗ ಅಣಕ ತಿರುಗಿಬಿತ್ತು. 'ಡೇಮ್ ಲೊರೇನ್' ಎಂಬ ವೇಷವನ್ನು ನೋಡಿ. ಅದು ಫ್ರೆಂಚ್ ತೋಟಗಾರನ ಹೆಂಡತಿ. ನೆಲ ಗುಡಿಸುವ ಉದ್ದ ನಿಲುವಂಗಿ, ದೊಡ್ಡ ಟೋಪಿ, ಕೈಯಲ್ಲಿ ಬೀಸಣಿಗೆ, ಮುಖಕ್ಕೆ ತಂತಿಜಾಲರಿಯ ಮುಖವಾಡ, ಎದೆಗೂ ಹಿಂಭಾಗಕ್ಕೂ ವಿಪರೀತ ತುರುಕಿದ ಮೆತ್ತೆ. ಒಳಗಿರುವುದು ಬಹುಮಟ್ಟಿಗೆ ಗಂಡಸು. ದೊರೆಸಾನಿಯ ನಡಿಗೆ, ನಾಜೂಕು, ನೃತ್ಯದ ಹೆಜ್ಜೆ ಎಲ್ಲವನ್ನೂ ಆತ ಕಲಿತದ್ದು ಬಂಗಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದವರಿಂದ. ಆಳುಗಳು ದೊರೆಗಳನ್ನು ನೋಡುವುದಿಲ್ಲ ಎಂದು ದೊರೆಗಳು ಭಾವಿಸಿದ್ದರು. ಅವರು ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ಎಂಬುದಕ್ಕೆ ಈ ವೇಷವೇ ಸಾಕ್ಷಿ.

'ಜ್ಯಾಬ್ ಮೊಲಾಸಿ' ಎಂದರೆ ಕಾಕಂಬಿ ಸೈತಾನ. ಫ್ರೆಂಚಿನ 'ದ್ಯಾಬ್ಲ್' ಎಂಬ ಪದವೇ ಇಲ್ಲಿ 'ಜ್ಯಾಬ್' ಆಗಿದೆ. ಸಕ್ಕರೆ ತಯಾರಾದ ಮೇಲೆ ಉಳಿಯುವ ಕಾಕಂಬಿಯನ್ನು ಮೈತುಂಬ ಸುರಿದುಕೊಂಡು, ಕೊಂಬು ಬಾಲ ಸಿಕ್ಕಿಸಿಕೊಂಡು, ಸರಪಳಿ ಎಳೆಯುತ್ತಾ ಈ ಸೈತಾನ ಬರುತ್ತಾನೆ. ಅವನ ಹಿಂದೆ ಬಿಸ್ಕತ್ತಿನ ಡಬ್ಬಿ ಬಡಿಯುವ ಮರಿ ಸೈತಾನರು. ಕಾಸು ಕೊಡದಿದ್ದರೆ ನಿಮ್ಮ ಶುಭ್ರ ಬಟ್ಟೆಗೆ ಮೈ ಒರಸಿ ಹೋಗುತ್ತಾನೆ! ಕುದಿಯುವ ಕೊಪ್ಪರಿಗೆಗೆ ಬಿದ್ದು ಸತ್ತ ಗುಲಾಮನ ಪ್ರೇತವೇ ಇದು ಎಂಬ ಐತಿಹ್ಯ ಅಲ್ಲಿ ಪ್ರಚಲಿತವಾಗಿದೆ. ಐತಿಹ್ಯ ನಿಜವೋ ಅಲ್ಲವೋ, ಅದರ ಸೂಚನೆ ಸ್ಪಷ್ಟ. ನೀವು ಚಹಾಕ್ಕೆ ಹಾಕಿಕೊಂಡ ಸಕ್ಕರೆಯ ಹಿಂದೆ ಉಳಿದ ಕಪ್ಪು ನಾನು, ನನ್ನ ಬಾಕಿ ಚುಕ್ತಾ ಮಾಡಿ ಎಂದು ಕೇಳುತ್ತಿದ್ದಾನೆ ಅವನು. ಕಾಲಕ್ರಮದಲ್ಲಿ ಕಾಕಂಬಿಯ ಬದಲು ಗ್ರೀಸು, ಟಾರು, ಕೆಸರು ಬಂದವು. ಪೋರ್ಟ್ ಆಫ್ ಸ್ಪೇನ್ ನಗರದ ಆಚೆ ಬೆಟ್ಟದ ಮೇಲಿನ ಪ್ಯಾರಮಿನ್ ಹಳ್ಳಿಯಲ್ಲಿ ಇದೇ ಸೈತಾನರು ನೀಲಿ ಬಣ್ಣ ಬಳಿದುಕೊಂಡು ಬರುತ್ತಾರೆ.

'ಮೊಕೊ ಜಂಬಿ' ಮರಗಾಲಿನ ಮೇಲೆ ಮಹಡಿಯ ಕಿಟಕಿಯೆತ್ತರಕ್ಕೆ ನಿಲ್ಲುವ ಭೂತ. ಪಶ್ಚಿಮ ಆಫ್ರಿಕಾದ ನೆನಪಿನಿಂದ ಬಂದದ್ದು. ಇಷ್ಟು ಎತ್ತರದವನಾದ್ದರಿಂದಲೇ ಆತ ಅಟ್ಲಾಂಟಿಕ್ ಸಮುದ್ರವನ್ನು ನಡೆದೇ ದಾಟಿ ತನ್ನ ಮಕ್ಕಳ ಹಿಂದೆ ಬಂದನೆಂದು ಜನ ಹೇಳುತ್ತಾರೆ. ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಬಂದವರ ಸಂತತಿ, ತಮ್ಮ ರಕ್ಷಕ ಮಾತ್ರ ಯಾರ ಸರಪಳಿಗೂ ಸಿಗದೆ ಬಂದ ಎಂದು ನಂಬಿಕೊಂಡದ್ದರಲ್ಲಿ ಎಂಥ ಸಂಕಟವಿದೆ, ಎಂಥ ಸ್ವಾಭಿಮಾನವಿದೆ!

ಮಾತಾಡುವ ವೇಷಗಳು

ಇನ್ನು ಕೆಲವು ವೇಷಗಳ ಬಲವಿರುವುದು ನಾಲಗೆಯಲ್ಲಿ. 'ಪಿಯೆರೋ ಗ್ರೆನೇಡ್' ಅಂಥವನು. ಯುರೋಪಿನ ವಿದೂಷಕ ಪಿಯೆರೋ ಟ್ರಿನಿಡಾಡಿನಲ್ಲಿ ಮೊದಲು ವೈಭವದ ಉಡುಪಿನ, ಪಾಂಡಿತ್ಯದ ಜಂಭದ ಕಾದಾಳುವಾಗಿದ್ದ. ಅವನ ಬಡ ತಮ್ಮ ಈ ಗ್ರೆನೇಡ್. ಪಕ್ಕದ ಗ್ರೆನೇಡಾ ದ್ವೀಪದಿಂದ ಹೊಟ್ಟೆಪಾಡಿಗೆ ಬಂದ ವಲಸಿಗರನ್ನು ಗೇಲಿ ಮಾಡಲು ಹುಟ್ಟಿದ ಹೆಸರದು. ಬಣ್ಣಬಣ್ಣದ ಚಿಂದಿ ಉಟ್ಟು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಚಾಟಿ ಹಿಡಿದು ಬರುವ ಈತ, ತಾನು ಕಾಗುಣಿತ ಬಿಡಿಸಲಾರದ ಪದವೇ ಇಲ್ಲವೆಂದು ಸವಾಲು ಹಾಕುತ್ತಾನೆ. ಜನ ಯಾವುದಾದರೂ ಉದ್ದನೆಯ ಇಂಗ್ಲಿಷ್ ಪದ ಕೊಟ್ಟರೆ ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಊರಿನ ಒಂದೊಂದು ಹಗರಣದ ಕಥೆ ಕಟ್ಟಿ ಪೂರ್ತಿ ಮಾಡುತ್ತಾನೆ. ಇಂಗ್ಲಿಷ್ ಕಾಗುಣಿತ ಉರು ಹೊಡೆಸುವುದೇ ವಿದ್ಯೆ ಎಂದುಕೊಂಡ ವಸಾಹತು ಶಾಲೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

'ಮಿಡ್‌ನೈಟ್ ರಾಬರ್' ಅಥವಾ ನಡುರಾತ್ರಿಯ ದರೋಡೆಕೋರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆದವನು. ಅಂಚಿಗೆ ಜಾಲರಿ ತೂಗುವ ಕೊಡೆಯಷ್ಟಗಲದ ಟೋಪಿ, ತಲೆಬುರುಡೆ ಬರೆದ ಮೇಲಂಗಿ, ಬಾಯಲ್ಲಿ ಸೀಟಿ, ಕೈಯಲ್ಲಿ ಶವಪೆಟ್ಟಿಗೆಯ ಆಕಾರದ ಹಣದ ಡಬ್ಬಿ. ಅಮೆರಿಕದ ಕೌಬಾಯ್ ಕಥೆಗಳ ಉಡುಪು, ಆಫ್ರಿಕಾದ ಕಥೆಗಾರರ ನಾಲಗೆ. ದಾರಿಹೋಕನನ್ನು ತಡೆದು ತನ್ನ ಹುಟ್ಟು, ತಾನು ಕೆಡವಿದ ರಾಜ್ಯಗಳು, ತನ್ನ ಕ್ರೌರ್ಯ ಎಲ್ಲವನ್ನೂ ಗುಡುಗಿನ ಭಾಷೆಯಲ್ಲಿ ಬಣ್ಣಿಸುತ್ತಾನೆ. ಕೇಳುವವನು ನಕ್ಕು ಕಾಸು ಹಾಕಬೇಕು. ಇಡೀ ಖಂಡಗಳನ್ನೇ ದರೋಡೆ ಮಾಡಿದವರು ಸಭ್ಯ ಭಾಷೆಯಲ್ಲಿ ಆಡಳಿತ ನಡೆಸುತ್ತಿದ್ದಾಗ, ಬೀದಿಯಲ್ಲಿ ಒಬ್ಬ ದರೋಡೆಕೋರನಾದರೂ ತಾನು ದರೋಡೆಕೋರನೆಂದು ಒಪ್ಪಿಕೊಳ್ಳುತ್ತಿದ್ದನಲ್ಲ!

'ಬೇಬಿ ಡಾಲ್' ವೇಷದ ಹೆಣ್ಣು ಜಾಲರಿಯ ಟೋಪಿ, ಫ್ರಿಲ್ಲಿನ ಲಂಗ ತೊಟ್ಟು, ಕಂಕುಳಲ್ಲಿ ಗೊಂಬೆ ಇಟ್ಟುಕೊಂಡು ಬರುತ್ತಾಳೆ. ಗುಂಪಿನಲ್ಲಿರುವ ಯಾವನೋ ಗಣ್ಯನ ಕೈ ಹಿಡಿದು 'ಇದು ನಿನ್ನ ಮಗು, ಹಾಲಿಗೆ ದುಡ್ಡು ಕೊಡು' ಎನ್ನುತ್ತಾಳೆ. ಆತ ನಾಚಿ ಕಾಸು ಕೊಟ್ಟು ಪಾರಾಗುತ್ತಾನೆ. ಸುತ್ತಲಿನವರು ನಗುತ್ತಾರೆ. ಆದರೆ ಆಸ್ತಿವಂತರಿಗೆ ಹುಟ್ಟಿ ತಂದೆಯ ಹೆಸರಿಲ್ಲದೆ ಬೆಳೆದ ಮಕ್ಕಳಿದ್ದ ಸಮಾಜದಲ್ಲಿ ಆ ನಗುವಿನ ಅಡಿಯಲ್ಲಿ ಏನಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲಾಗದ ದೂರು ವರ್ಷಕ್ಕೆ ಎರಡು ದಿನ ಬೀದಿಯಲ್ಲಿ ವಿಚಾರಣೆಗೆ ಬರುತ್ತಿತ್ತು.

ಹೀಗೆ ಹೇಳುತ್ತಾ ಹೋದರೆ ಪಟ್ಟಿ ದೊಡ್ಡದು. ನಮ್ಮ ಕೀಲುಕುದುರೆಯಂತೆ ಸೊಂಟಕ್ಕೆ ಕತ್ತೆಯ ಆಕೃತಿ ಕಟ್ಟಿಕೊಂಡು ಕುಣಿಯುವ 'ಬರೊಕೀಟ್' ಇದೆ. ಅದರ ಹೆಸರು ಸ್ಪ್ಯಾನಿಷ್ ಭಾಷೆಯದ್ದು. ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದು ಕರಿಯರನ್ನು ಅಣಕಿಸಿದ ಆಟವನ್ನು, ಮುಖಕ್ಕೆ ಬಿಳಿ ಬಳಿದುಕೊಂಡ ಕರಿಯರೇ ಅಣಕಿಸುವ 'ಮಿನ್‌ಸ್ಟ್ರೆಲ್' ಇದೆ. ಬಂದರಿಗೆ ಬಂದ ಯುದ್ಧನೌಕೆಗಳ ನಾವಿಕರನ್ನು ಅನುಕರಿಸುವ ನಾವಿಕರ ವೇಷವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಾಗುವರಾಮಸ್‌ನಲ್ಲಿ ಅಮೆರಿಕದ ನೌಕಾನೆಲೆ ಬಂದ ಮೇಲೆ, ಕುಡಿದು ತೂರಾಡುವ ಸೈನಿಕನನ್ನು ಆ ಜನ ದಿನವೂ ಕಣ್ಣಾರೆ ಕಾಣುತ್ತಿದ್ದರು.

ಪಂಜು, ಡೋಲು ಮತ್ತು ಗುಂಡು

ಈ ನಗುವನ್ನು ಪ್ರಭುತ್ವ ಸಹಿಸಿಕೊಳ್ಳಲಿಲ್ಲ. ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಬೇಕರ್ 1880ರ ಕಾರ್ನಿವಲ್‌ನಲ್ಲಿ ಜನರಿಂದ ಪಂಜು, ಕೋಲು, ಡೋಲುಗಳನ್ನು ಕಿತ್ತುಕೊಂಡ. ಮರುವರ್ಷ ಜನ ಸಿದ್ಧರಾಗಿಯೇ ಬಂದಿದ್ದರು. 1881ರ ಕಾರ್ನಿವಲ್‌ನ ನಡುರಾತ್ರಿ ಪೋರ್ಟ್ ಆಫ್ ಸ್ಪೇನಿನ ಬೀದಿಗಳಲ್ಲಿ ಪೊಲೀಸರಿಗೂ ಕ್ಯಾಂಬುಲೇ ಗುಂಪುಗಳಿಗೂ ಘರ್ಷಣೆ ನಡೆಯಿತು. ಕೊನೆಗೆ ಗವರ್ನರ್ ಫ್ರೀಲಿಂಗ್ ಸ್ವತಃ ಜನರ ಮುಂದೆ ನಿಂತು ಮಾತಾಡಿ, ಪೊಲೀಸರನ್ನು ಠಾಣೆಯೊಳಗೆ ಕೂರಿಸಿ, ಹಬ್ಬ ನಡೆಯಲು ಬಿಡಬೇಕಾಯಿತು. ಲಂಡನ್ನಿನಿಂದ ವಿಚಾರಣೆಗೆ ಅಧಿಕಾರಿಯೂ ಬಂದ. ಆದರೆ 1884ರಲ್ಲಿ ಹೊಸ ಕಾನೂನು ಬಂತು. ಪಂಜಿನ ಮೆರವಣಿಗೆ ನಿಷೇಧ, ಡೋಲಿಗೆ ನಿರ್ಬಂಧ, ಕೋಲು ಹಿಡಿದು ಹತ್ತು ಮಂದಿ ಸೇರಿದರೆ ಅಪರಾಧ. ಕ್ಯಾಂಬುಲೇ ಅಲ್ಲಿಗೆ ನಿಂತಿತು.

ಅದೇ 1884ರಲ್ಲಿ ಸರಕಾರದ ಕಣ್ಣು ಇನ್ನೊಂದು ಮೆರವಣಿಗೆಯ ಮೇಲೆ ಬಿತ್ತು. ಗುಲಾಮಗಿರಿ ಹೋದ ಮೇಲೆ ಕಬ್ಬು ಕಡಿಯಲು ಭಾರತದಿಂದ ಕೂಲಿಗಳನ್ನು ಕರಾರಿನ ಮೇಲೆ ತರಲಾಗಿತ್ತು. ಮೊದಲ ಹಡಗು 'ಫತೆಲ್ ರಜಾಕ್' ಕಲ್ಕತ್ತೆಯಿಂದ ಹೊರಟು 1845ರ ಮೇ 30ರಂದು ಟ್ರಿನಿಡಾಡ್ ತಲುಪಿತು. 'ಫತ್‌ಹುರ್ರಝಾಕ್' ಎಂಬ ಅರಬಿ ಹೆಸರಿನ ಅಪಭ್ರಂಶವದು. ಅನ್ನದಾತನಾದ ಅಲ್ಲಾಹನ ಹೆಸರು ಹೊತ್ತ ಹಡಗು, ಅನ್ನವರಸಿ ಹೊರಟವರನ್ನು ಹೊತ್ತು ಹೋಗಿತ್ತು! 1917ರವರೆಗೆ ಹೀಗೆ ಹೋದವರು ಒಂದು ಲಕ್ಷದ ನಲವತ್ತು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಹೆಚ್ಚಿನವರು ಹಿಂದೂಗಳು, ಮುಸ್ಲಿಮರು ಅಲ್ಪಸಂಖ್ಯಾತರು. ಆದರೂ ಇಡೀ ಭಾರತೀಯ ಸಮುದಾಯದ ದೊಡ್ಡ ಹಬ್ಬವಾಗಿ ಬೆಳೆದದ್ದು ಮೊಹರಮ್. ಕರ್ಬಲಾದ ಹುತಾತ್ಮ ಹುಸೈನರ ನೆನಪಿನ ಈ ಆಚರಣೆ ಅಲ್ಲಿ 'ಹೊಸೆ' ಎನಿಸಿಕೊಂಡಿತು. ಬಿದಿರು, ಬಣ್ಣದ ಕಾಗದಗಳ ತಾಜಿಯಾಗಳನ್ನು ಹೊತ್ತು, ತಾಸೆ ಬಾರಿಸುತ್ತಾ ತೋಟ ತೋಟಗಳಿಂದ ಜನ ಪೇಟೆಗೆ ಬಂದು ಸಮುದ್ರದ ಕಡೆಗೆ ಸಾಗುತ್ತಿದ್ದರು. ಹಿಂದೂಗಳು ತಾಜಿಯಾ ಕಟ್ಟುತ್ತಿದ್ದರು. ಆಫ್ರಿಕನರು ಡೋಲು ಬಾರಿಸಲು, ತಾಜಿಯಾ ಹೊರಲು ಸೇರುತ್ತಿದ್ದರು.

ಆ ವರ್ಷ ಸಕ್ಕರೆಯ ಬೆಲೆ ಕುಸಿದಿತ್ತು. ತೋಟಗಳಲ್ಲಿ ಕೆಲಸ ಹೆಚ್ಚಿ ಕೂಲಿ ಇಳಿದಿತ್ತು, ಮುಷ್ಕರಗಳು ನಡೆಯುತ್ತಿದ್ದವು. ತಾಜಿಯಾಗಳು ಪೇಟೆಯೊಳಗೆ ಬರಕೂಡದೆಂದು ಸರಕಾರ ಆಜ್ಞೆ ಮಾಡಿತು. ಅದನ್ನು ಹಿಂತೆಗೆಯಬೇಕೆಂದು ಕೋರಿ ಅರ್ಜಿ ಸಲ್ಲಿಸಿದವರ ಮುಂದಾಳು ಸೂಖೂ ಎಂಬ ಹಿಂದೂ. ಅರ್ಜಿ ತಿರಸ್ಕೃತವಾಯಿತು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೋ ಪಟ್ಟಣದ ಅಂಚಿಗೆ ಬಂದ ತಾಜಿಯಾಗಳ ಮೇಲೆ ಎರಡು ಕಡೆ ಗುಂಡು ಹಾರಿಸಲಾಯಿತು. ಸರಕಾರಿ ಲೆಕ್ಕದಲ್ಲೇ ಸತ್ತವರು 16, ಗಾಯಗೊಂಡವರು ನೂರಕ್ಕೂ ಹೆಚ್ಚು. ಸಂಖ್ಯೆ ಅದಕ್ಕಿಂತ ದೊಡ್ಡದಿತ್ತೆಂದು ಹೇಳುವವರೂ ಇದ್ದಾರೆ. ಜಮೈಕಾದ ಗವರ್ನರ್ ಸರ್ ಹೆನ್ರಿ ನಾರ್ಮನ್ ವಿಚಾರಣೆ ನಡೆಸಿ ಸರಕಾರದ ಕ್ರಮವನ್ನು ಎತ್ತಿಹಿಡಿದರು. ಟ್ರಿನಿಡಾಡಿನ ಇತಿಹಾಸಕಾರ ಕೆಲ್ವಿನ್ ಸಿಂಗ್ 1988ರಲ್ಲಿ ಈ ಹತ್ಯಾಕಾಂಡದ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಕ್ಯಾಂಬುಲೇ ಮತ್ತು ಹೊಸೆ ಒಂದೇ ಅಲ್ಲ. ಒಂದು ಅಣಕದ ಹಬ್ಬ, ಇನ್ನೊಂದು ಶೋಕದ ಆಚರಣೆ. ತಾಜಿಯಾ ಮೆರವಣಿಗೆ ಶರೀಅತ್ತಿಗೆ ಒಪ್ಪುವುದಿಲ್ಲವೆಂಬ ವಾದ ಅಲ್ಲಿನ ಮುಸ್ಲಿಮರಲ್ಲೂ ಇದೆ. ಆದರೆ ಬಂದೂಕು ಹಿಡಿದವನಿಗೆ ಈ ವ್ಯತ್ಯಾಸಗಳು ಮುಖ್ಯವಾಗಿರಲಿಲ್ಲ. ಆತ ಕಂಡದ್ದು ಒಂದೇ: ಕಬ್ಬಿನ ಗದ್ದೆಯ ಜನ, ಕರಿಯರೂ ಭಾರತೀಯರೂ, ಹಿಂದೂಗಳೂ ಮುಸ್ಲಿಮರೂ ಒಂದೇ ಡೋಲಿನ ಸದ್ದಿಗೆ ಪೇಟೆಯ ಕಡೆಗೆ ನಡೆದು ಬರುತ್ತಿದ್ದಾರೆ. ಅವನನ್ನು ಹೆದರಿಸಿದ್ದು ಈ ಕೂಡುವಿಕೆ. ಒಂದೇ ವರ್ಷದಲ್ಲಿ ಎರಡೂ ಮೆರವಣಿಗೆಗಳ ಮೇಲೆ ಕೈ ಎತ್ತಿದ್ದನ್ನು ಬರಿಯ ಕಾಕತಾಳೀಯ ಎನ್ನಲು ನಮಗೆ ಸಾಧ್ಯವಾಗುವುದಿಲ್ಲ.

ಉಳಿದದ್ದು, ಅಳಿಯುತ್ತಿರುವುದು

ನಿಷೇಧದಿಂದ ಸದ್ದು ನಿಲ್ಲಲಿಲ್ಲ. ಡೋಲಿನ ಜಾಗಕ್ಕೆ ನೆಲಕ್ಕೆ ಕುಟ್ಟಿ ನುಡಿಸುವ ಬಿದಿರಿನ ಕೊಳವೆಗಳು ಬಂದವು. 1930ರ ದಶಕದ ಕೊನೆಯಿಂದ ಬಿಸ್ಕತ್ತಿನ ಡಬ್ಬಿ, ಎಣ್ಣೆಯ ಡ್ರಮ್ಮುಗಳಿಂದ ಸ್ಟೀಲ್‌ಪ್ಯಾನ್ ಹುಟ್ಟಿತು. ಇಂದು ಅದು ಆ ದೇಶದ ರಾಷ್ಟ್ರೀಯ ವಾದ್ಯ. ರಾಷ್ಟ್ರಲಾಂಛನದಲ್ಲಿದ್ದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಆ ಜಾಗದಲ್ಲಿ ಸ್ಟೀಲ್‌ಪ್ಯಾನ್ ಇಡುವ ತೀರ್ಮಾನವನ್ನು ಸರಕಾರ 2024ರಲ್ಲಿ ಪ್ರಕಟಿಸಿತು. ಹೊಸೆಯೂ ಸೇಂಟ್ ಜೇಮ್ಸ್ ಮತ್ತು ಸೀಡ್ರೋಸ್‌ಗಳಲ್ಲಿ ಈಗಲೂ ನಡೆಯುತ್ತಿದೆ.

ವೇಷಗಳ ಪಾಡು ಇಷ್ಟು ಸುಖವಾಗಿಲ್ಲ. 1956ರಲ್ಲಿ ಡೇನಿಯಲ್ ಕ್ರೌಲಿ ಎಂಬ ವಿದ್ವಾಂಸರು ಈ ಸಾಂಪ್ರದಾಯಿಕ ವೇಷಗಳನ್ನು ಒಂದೊಂದಾಗಿ ದಾಖಲಿಸಿದಾಗಲೇ ಕೆಲವು ಕಣ್ಮರೆಯಾಗುತ್ತಿದ್ದವು. ಅರ್ಲ್ ಲವ್‌ಲೇಸ್ 1979ರಲ್ಲಿ ಬರೆದ 'ದ ಡ್ರ್ಯಾಗನ್ ಕಾಂಟ್ ಡಾನ್ಸ್' ಕಾದಂಬರಿಯ ನಾಯಕ ಪ್ರತಿವರ್ಷ ತನ್ನ ಕೈಯಾರೆ ಡ್ರ್ಯಾಗನ್ ವೇಷ ಹೊಲಿದುಕೊಳ್ಳುವ ಬಡ ಕೇರಿಯ ಯುವಕ. ಇಂದು ಹೊಲಿಯುವವರಿಲ್ಲ, ಕೊಳ್ಳುವವರಿದ್ದಾರೆ. ದೊಡ್ಡ ತಂಡಗಳು ಹಣ ಪಡೆದು ಸಿದ್ಧ ಉಡುಪು ಕೊಡುತ್ತವೆ. ಗರಿ, ಮಣಿಗಳ ಉಡುಪಿಗೆ ಯಾವ ಕಥೆಯೂ ಬೇಕಿಲ್ಲ. ತಂಡದ ಸುತ್ತ ಹಗ್ಗ, ಕಾವಲುಗಾರರು. ಹಣ ಕೊಟ್ಟವರು ಹಗ್ಗದ ಒಳಗೆ, ಕೊಡಲಾಗದವರು ಹೊರಗೆ. ಲಾರಿಗಳ ಮೇಲಿನ ಧ್ವನಿವರ್ಧಕದ ಅಬ್ಬರದಲ್ಲಿ ಪಿಯೆರೋನ ಕಾಗುಣಿತವನ್ನು, ರಾಬರ್‌ನ ಗರ್ಜನೆಯನ್ನು ಕೇಳುವವರು ಯಾರು? ಮಾತಾಡುವ ವೇಷಕ್ಕೆ ನಿಂತು ಕೇಳುವ ಒಬ್ಬನಾದರೂ ಬೇಕು. 1884ರ ಕಾನೂನಿಗೆ ಬಾಯಿ ಮುಚ್ಚಿಸಲಾಗದವರನ್ನು ಇಂದಿನ ಮಾರುಕಟ್ಟೆ ಸದ್ದಿನಿಂದಲೇ ಮೂಕರನ್ನಾಗಿಸುತ್ತಿದೆ.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. ಬಡವರ ಬಡಾವಣೆಯಾದ ಕೊಕೊರೀಟ್‌ನಲ್ಲಿ ಗ್ಲೆನ್ ಡಿಸೋಜಾ ಎಂಬವರು 1980ರ ದಶಕದಲ್ಲಿ ಮಕ್ಕಳಿಗೆ ಮರಗಾಲಿನ ನಡಿಗೆ ಕಲಿಸುವ ಶಾಲೆಯನ್ನೇ ಕಟ್ಟಿದರು. ಅಳಿದೇ ಹೋಗಿದ್ದಂತಿದ್ದ ಮೊಕೊ ಜಂಬಿ ಅಲ್ಲಿಂದ ಮತ್ತೆ ಎದ್ದು ನಿಂತಿತು. 2016ರಲ್ಲಿ ಹೆಸರಾಂತ ಕಲಾವಿದ ಪೀಟರ್ ಮಿನ್ಶಲ್ ರೂಪಿಸಿದ, ಮರಗಾಲಿನ ಮೇಲೆ ಕುಣಿಯುವ ಹಂಸದ ವೇಷ ಕಾರ್ನಿವಲ್‌ನ ರಾಜ ಸ್ಪರ್ಧೆಯಲ್ಲಿ ಕಾಣಿಸಿಕೊಂಡಿತು. ಕಾರ್ನಿವಲ್‌ಗೆ ಮುಂಚಿನ ಶುಕ್ರವಾರ ನಸುಕಿನಲ್ಲಿ ಪೋರ್ಟ್ ಆಫ್ ಸ್ಪೇನಿನ ಪಿಕಡಿಲಿ ಗ್ರೀನ್ಸ್‌ನಲ್ಲಿ 1881ರ ಕ್ಯಾಂಬುಲೇ ಘರ್ಷಣೆಯನ್ನು ನಾಟಕವಾಗಿ ಆಡುತ್ತಾರೆ. ಅದನ್ನು ಬರೆದವರು ಕವಯಿತ್ರಿ ಇಂಟು ಪರ್ಲ್ ಸ್ಪ್ರಿಂಗರ್. ಶಾಲಾ ಮಕ್ಕಳು ರಾಬರ್‌ನ ಭಾಷಣ ಕಲಿತು ಸ್ಪರ್ಧೆಗಳಲ್ಲಿ ಹೇಳುತ್ತಾರೆ.

ಆದರೆ ಸ್ಪರ್ಧೆಯ ವೇದಿಕೆಯೇ ಬೇರೆ, ಬೀದಿಯೇ ಬೇರೆ. ವೇದಿಕೆಯ ಮೇಲೆ ಬೇಬಿ ಡಾಲ್ ಯಾರ ಕೈಯನ್ನೂ ಹಿಡಿಯಲಾರಳು. ಸೈತಾನ ಯಾರ ಬಿಳಿ ಅಂಗಿಯನ್ನೂ ಕೆಡಿಸಲಾರ. ಸಂಸ್ಕೃತಿಯನ್ನು ಕಾಪಾಡುವುದೆಂದರೆ ಉಡುಪನ್ನು ಕಾಪಾಡುವುದು ಎಂದು ಸರಕಾರಗಳೂ ನಾವೂ ಸುಲಭವಾಗಿ ಭಾವಿಸಿಬಿಡುತ್ತೇವೆ. ಈ ವೇಷಗಳ ಜೀವವಿದ್ದದ್ದು ಉಡುಪಿನಲ್ಲಲ್ಲ, ಅವು ಎದುರಿಗಿದ್ದವನನ್ನು ನಿಲ್ಲಿಸಿ ಕೇಳುತ್ತಿದ್ದ ಪ್ರಶ್ನೆಯಲ್ಲಿ. ಕಾಕಂಬಿ ಸೈತಾನ ಕೇಳಿದ ಬಾಕಿಯನ್ನು ಇನ್ನೂ ಯಾರೂ ಸಂದಾಯ ಮಾಡಿಲ್ಲ. ಅಲ್ಲಿಯವರೆಗೆ ಆತ ಬೀದಿಯಲ್ಲಿ ಓಡಾಡುತ್ತಿರುವುದೇ ಒಳ್ಳೆಯದು.